ಅಂಚಿನಲ್ಲಿ ಅಂಕಿ ಬರೆದ ಅಂಗರಚನಾಕಾರ: ಬಾರ್ಟೊಲೊಮಿಯೊ ಯುಸ್ಟಾಕಿ

ಕಿವಿಯ ಚಿತ್ರ ಬರೆದು ಭಾಗಗಳನ್ನು ಹೆಸರಿಸಿದ ಯಾರಿಗೂ ಯುಸ್ಟೇಷಿಯನ್ ನಾಳ ಎಂಬ ಹೆಸರು ಹೊಸದಲ್ಲ. ನಡುಗಿವಿಯಿಂದ ಗಂಟಲಿನ ಕಡೆಗೆ ಇಳಿಯುವ ಆ ಸಣ್ಣ ಕೊಳವೆಗೆ ತನ್ನ ಹೆಸರು ಕೊಟ್ಟವನು ಯಾರು ಎಂದು ಕೇಳಿದರೆ ಮಾತ್ರ ತರಗತಿ ಸುಮ್ಮನಾಗುತ್ತದೆ. ಆತ ಇಟಲಿಯ ಬಾರ್ಟೊಲೊಮಿಯೊ ಯುಸ್ಟಾಕಿ. ಈ ಸಲ ನಾನು ಅವನ ಕಥೆಯನ್ನು ಹೇಳಹೊರಟಿರುವುದು ಕಿವಿಯ ಸಲುವಾಗಿ ಅಲ್ಲ, ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಸಲುವಾಗಿ. ಆ ಗ್ರಂಥಿಯನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿ ಚಿತ್ರಿಸಿದ ಕೀರ್ತಿ ಅವನದು. ಇಂದು ಸಿ.ಟಿ. ಯಂತ್ರದ ನೆರವಿನಿಂದ ಅದೇ ಗ್ರಂಥಿಯ ಅಭಿಧಮನಿಗಳ ನಕ್ಷೆ ತಯಾರಿಸುವ ವೈದ್ಯರು ನೆಚ್ಚಿಕೊಂಡಿರುವ ಉಪಾಯವೊಂದನ್ನು ಅವನು 1552ರಲ್ಲೇ ತಾಮ್ರದ ತಗಡಿನ ಮೇಲೆ ಕೊರೆಯಿಸಿದ್ದ. ನಿಯಂತ್ರಣ ಮತ್ತು ಸಹಭಾಗಿತ್ವದ ಪಾಠ ಮಾಡಲಿರುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಈ ಎರಡು ತುದಿಗಳ ನಡುವಿನ ದಾರಿ ಉಪಯೋಗಕ್ಕೆ ಬಂದೀತು ಎಂದು ನನ್ನ ನಂಬಿಕೆ.

ಯುಸ್ಟಾಕಿ ಹುಟ್ಟಿದ್ದು 16ನೆಯ ಶತಮಾನದ ಆರಂಭದ ದಶಕಗಳಲ್ಲಿ, ಮಧ್ಯ ಇಟಲಿಯ ಸಾನ್ ಸೆವೆರಿನೊ ಎಂಬ ಊರಿನಲ್ಲಿ. ತಂದೆ ವೈದ್ಯ. ಮಗ ಲ್ಯಾಟಿನ್ ಜೊತೆಗೆ ಗ್ರೀಕ್, ಹೀಬ್ರೂ ಮತ್ತು ಅರಬ್ಬಿ ಭಾಷೆಗಳನ್ನೂ ಕಲಿತ. ಆ ಕಾಲಕ್ಕೆ ಇದು ಬರಿಯ ಶೋಕಿಯಾಗಿರಲಿಲ್ಲ. ವೈದ್ಯಶಾಸ್ತ್ರದ ಹಳೆಯ ಗ್ರಂಥಗಳು ಗ್ರೀಕಿನಲ್ಲಿ ಹುಟ್ಟಿ, ಅರಬ್ಬಿಗೆ ಹೋಗಿ, ಅಲ್ಲಿಂದ ಲ್ಯಾಟಿನ್ನಿಗೆ ಬರುವಷ್ಟರಲ್ಲಿ ಎಷ್ಟೋ ಅರ್ಥಗಳು ಸೋರಿಹೋಗಿದ್ದವು. ಮೂಲವನ್ನೇ ಓದಬಲ್ಲವನಿಗೆ ವಾದದಲ್ಲಿ ಮೇಲುಗೈ. ಯುಸ್ಟಾಕಿ ವಾದಪ್ರಿಯನೂ ಹೌದು. ಉರ್ಬಿನೊ ಸಂಸ್ಥಾನದ ಡ್ಯೂಕನಿಗೆ ವೈದ್ಯನಾದ. ಅನಂತರ ಡ್ಯೂಕನ ತಮ್ಮ ಕಾರ್ಡಿನಲ್ ಜೂಲಿಯೊ ದೆಲ್ಲಾ ರೊವೆರೆಯ ವೈದ್ಯನಾಗಿ 1549ರಲ್ಲಿ ರೋಮ್ ನಗರಕ್ಕೆ ಬಂದ. ಅಲ್ಲಿನ ಸಪಿಯೆಂಜಾ ವಿದ್ಯಾಪೀಠದಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಹೊಣೆಯೂ ಸಿಕ್ಕಿತು. ಸಾಂತೊ ಸ್ಪಿರಿತೊ ಮತ್ತು ಕನ್ಸೊಲಾಜಿಯೊನೆ ಆಸ್ಪತ್ರೆಗಳಲ್ಲಿ ತೀರಿಕೊಂಡವರ ದೇಹಗಳನ್ನು ಛೇದಿಸಿ ನೋಡಲು ಅವನಿಗೆ ಅನುಮತಿ ದೊರೆಯಿತು. ಕಲಿಸುವವನಿಗೆ ಪುಸ್ತಕ ಮಾತ್ರವಲ್ಲ, ವಸ್ತುವೂ ಕೈಗೆ ಸಿಕ್ಕಿದ ಸನ್ನಿವೇಶ ಇದು.

ಅದಕ್ಕೆ ಕೆಲವೇ ವರ್ಷ ಮೊದಲು, 1543ರಲ್ಲಿ, ವೆಸೇಲಿಯಸ್ ಎಂಬ ಯುವಕನ ದೊಡ್ಡ ಗ್ರಂಥ ಬಾಸೆಲ್ ನಗರದಲ್ಲಿ ಅಚ್ಚಾಗಿ ಯುರೋಪಿನ ವೈದ್ಯಲೋಕವನ್ನೇ ಅಲುಗಾಡಿಸಿತ್ತು. ಸಾವಿರದ ಮುನ್ನೂರು ವರ್ಷಗಳಿಂದ ಪ್ರಮಾಣವಾಗಿದ್ದ ಗೇಲನ್‌ನ ಅಂಗರಚನೆಯಲ್ಲಿ ಎಷ್ಟೋ ಭಾಗ ಮನುಷ್ಯನದಲ್ಲ, ಪ್ರಾಣಿಗಳದು ಎಂದು ಅದು ತೋರಿಸಿತ್ತು. ಯುಸ್ಟಾಕಿಗೆ ಇದು ಸಹಿಸಲಿಲ್ಲ. ಅವನು ಗೇಲನ್ ಪಕ್ಷ. ನಮ್ಮ ಪಠ್ಯಗಳು ಇಂಥ ಕಥೆಯನ್ನು ಹೇಳುವಾಗ ಹಳೆಯದನ್ನು ಬೆಂಬಲಿಸಿದವನನ್ನು ಮೂರ್ಖನ ಸಾಲಿಗೆ ಸೇರಿಸಿ ಮುಂದೆ ಸಾಗುವುದುಂಟು. ಯುಸ್ಟಾಕಿಯ ವಿಷಯದಲ್ಲಿ ಹಾಗೆ ಮಾಡಲು ಬರುವುದಿಲ್ಲ. ಗುರುವಿನ ಪರ ವಾದ ಮಾಡಬೇಕೆಂಬ ಹಟದಿಂದಲೇ ಅವನು ಮತ್ತೆ ಮತ್ತೆ ಛೇದನದ ಮೇಜಿಗೆ ಹೋದ. ಅಲ್ಲಿ ಕಂಡದ್ದನ್ನು ಮರೆಮಾಚಲಿಲ್ಲ. ಹೀಗಾಗಿ ಗೇಲನ್‌ಗೂ ಗೊತ್ತಿಲ್ಲದ, ವೆಸೇಲಿಯಸ್‌ಗೂ ಗೊತ್ತಿಲ್ಲದ ಸಂಗತಿಗಳು ಅವನ ಕೈಗೆ ಬಂದವು.

1552ರ ಹೊತ್ತಿಗೆ ಅವನು 47 ಚಿತ್ರಫಲಕಗಳನ್ನು ಸಿದ್ಧಪಡಿಸಿದ್ದ. ಬರೆಯಲು ನೆರವಾದವನು ಬಂಧುವಾದ ಪಿಯೆರ್ ಮತ್ತೆಯೊ ಪೀನಿ; ತಾಮ್ರದ ಮೇಲೆ ಕೊರೆದವನು ಜೂಲಿಯೊ ದೆ ಮೂಸಿ. ಅಂಗರಚನೆಯ ವಾದವಿವಾದಗಳ ಬಗ್ಗೆ ತಾನು ಬರೆಯಬೇಕೆಂದಿದ್ದ ದೊಡ್ಡ ಗ್ರಂಥಕ್ಕಾಗಿ ಇವೆಲ್ಲ.

ಈ ಫಲಕಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವೆಸೇಲಿಯಸ್‌ನ ಚಿತ್ರಗಳು ಮರದ ಅಚ್ಚಿನವು, ಸೊಗಸಾದವು. ಹಿನ್ನೆಲೆಯಲ್ಲಿ ಬೆಟ್ಟಗುಡ್ಡ, ಮುಂದೆ ಭಂಗಿ ಹಿಡಿದು ನಿಂತ ದೇಹ, ಅಂಗಗಳ ಮೇಲೆಲ್ಲ ಚಿಕ್ಕ ಚಿಕ್ಕ ಅಕ್ಷರಗಳು. ಓದುಗ ಅಕ್ಷರವನ್ನು ಹುಡುಕಿ ಪಕ್ಕದ ಪುಟದ ವಿವರಣೆಗೆ ಹೋಗಬೇಕು. ಯುಸ್ಟಾಕಿಯ ದೇಹಗಳಿಗೆ ಅಂಥ ಚೆಲುವಿಲ್ಲ; ಸಪಾಟಾಗಿ, ಪಾಠಕ್ಕೆ ನಿಂತ ಮಕ್ಕಳಂತೆ ನಿಂತಿವೆ. ಆದರೆ ಚಿತ್ರದ ಮೇಲೆ ಒಂದು ಅಕ್ಷರವೂ ಇಲ್ಲ. ಅದರ ಬದಲು ಚಿತ್ರದ ಚೌಕಟ್ಟಿನ ಅಂಚಿನಲ್ಲಿ ಅಳತೆಪಟ್ಟಿಯಂತೆ ಗೀರುಗಳು, ಅಂಕಿಗಳು. ಮೇಲಿನ ಅಂಚಿನ ಒಂದು ಅಂಕಿ, ಪಕ್ಕದ ಅಂಚಿನ ಒಂದು ಅಂಕಿ ಹೇಳಿದರೆ ಸಾಕು. ಎರಡೂ ಗೆರೆಗಳು ಕೂಡುವ ಜಾಗದಲ್ಲಿ ಹೇಳಬೇಕಾದ ಭಾಗ ಇರುತ್ತದೆ. ಭೂಪಟದಲ್ಲಿ ಅಕ್ಷಾಂಶ ರೇಖಾಂಶ ಹಿಡಿದು ಊರನ್ನು ಹುಡುಕುವ ರೀತಿ ಇದು. ದೇಹವನ್ನು ಊರೆಂದು ಭಾವಿಸಿ ನಕ್ಷೆ ಬರೆದ ಈ ಆಲೋಚನೆ ನನಗೆ ಅವನ ಎಲ್ಲ ಕಾಣ್ಕೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ದೆಕಾರ್ತನ ನಿರ್ದೇಶಾಂಕ ಜ್ಯಾಮಿತಿ 1637ರದು ಎಂಬುದನ್ನು ಗಣಿತದ ಪ್ರಶಿಕ್ಷಣಾರ್ಥಿಗಳು ಇಲ್ಲಿ ನೆನಪಿಸಿಕೊಳ್ಳಬಹುದು.

ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುತ್ತ ನಾನು ಗಮನಿಸಿರುವುದೇನೆಂದರೆ, ಚಾರ್ಟಿನಲ್ಲಿ ಬಾಣದ ಗುರುತು ಮತ್ತು ಹೆಸರು ಇದ್ದರೆ ಮಕ್ಕಳ ಕಣ್ಣು ಹೆಸರಿನ ಮೇಲೆಯೇ ನಿಲ್ಲುತ್ತದೆ. ಅಂಗವನ್ನು ನೋಡುವುದಿಲ್ಲ, ಅಕ್ಷರವನ್ನು ನಕಲು ಮಾಡುತ್ತಾರೆ. ಯುಸ್ಟಾಕಿಯ ಚಿತ್ರದಲ್ಲಿ ನಕಲು ಮಾಡಲು ಅಕ್ಷರವೇ ಇಲ್ಲ. ನೋಡಲೇಬೇಕು.

1563 ಮತ್ತು 1564ರಲ್ಲಿ ಅವನ ಸಣ್ಣ ಪ್ರಬಂಧಗಳು ವೆನಿಸ್ಸಿನಲ್ಲಿ ಪುಸ್ತಕರೂಪದಲ್ಲಿ ಬಂದವು. ಕಿವಿಯ ಬಗ್ಗೆ ಒಂದು, ಹಲ್ಲುಗಳ ಬಗ್ಗೆ ಒಂದು, ಎದೆಗೂಡಿನ ಬಲಗಡೆ ಒಂಟಿಯಾಗಿ ಹರಿಯುವ ಅಜೈಗಸ್ ಅಭಿಧಮನಿಯ ಬಗ್ಗೆ ಒಂದು, ಮೂತ್ರಪಿಂಡದ ಬಗ್ಗೆ ಒಂದು. ಹಾಲುಹಲ್ಲು ಮತ್ತು ಶಾಶ್ವತ ಹಲ್ಲುಗಳನ್ನು ಅರಿಯಲು ಅವನು ಭ್ರೂಣಗಳನ್ನೂ ನವಜಾತ ಶಿಶುಗಳ ದೇಹಗಳನ್ನೂ ಪರೀಕ್ಷಿಸಿದ್ದ. ಕುದುರೆಯ ಎದೆಯಲ್ಲಿ ಬಿಳಿಯ ದ್ರವದ ನಾಳವೊಂದನ್ನು ಕಂಡು ದಾಖಲಿಸಿದ್ದ. ಅದು ದುಗ್ಧರಸವನ್ನು ಸಾಗಿಸುವ ಎದೆನಾಳ ಎಂದು ಲೋಕಕ್ಕೆ ತಿಳಿದದ್ದು ಬಹುಕಾಲದ ಮೇಲೆ. ಸಿದ್ಧವಾಗಿದ್ದ 47 ಫಲಕಗಳಲ್ಲಿ ಎಂಟು ಮಾತ್ರ ಈ ಪುಸ್ತಕದ ಜೊತೆ ಬೆಳಕು ಕಂಡವು.

ಮೂತ್ರಪಿಂಡದ ಪ್ರಬಂಧದಲ್ಲಿ ಅವನು ವೆಸೇಲಿಯಸ್‌ನನ್ನು ಹಿಡಿದುಹಾಕಿದ. ಪ್ರಾಣಿಯನ್ನು ನೋಡಿ ಮನುಷ್ಯನ ಅಂಗರಚನೆ ಬರೆದ ಎಂದು ಗೇಲನ್‌ನ ಮೇಲೆ ಆಪಾದನೆ ಹೊರಿಸಿದ್ದ ವೆಸೇಲಿಯಸ್ ಮೂತ್ರಪಿಂಡದ ಒಳಭಾಗವನ್ನು ತೋರಿಸಲು ತಾನೇ ನಾಯಿಯ ಮೂತ್ರಪಿಂಡವನ್ನು ಬರೆಸಿದ್ದ. ಯುಸ್ಟಾಕಿ ಮನುಷ್ಯನದನ್ನೇ ತೋರಿಸಿದ. ಹಾಗೆ ಮೂತ್ರಪಿಂಡವನ್ನು ಸುತ್ತಲಿನ ಕೊಬ್ಬಿನಿಂದ ಬಿಡಿಸುವಾಗ ಅದರ ಮೇಲ್ತುದಿಯಲ್ಲಿ ಅಂಟಿಕೊಂಡಂತಿದ್ದ ಎರಡು ಗ್ರಂಥಿಗಳನ್ನು ಅವನು ಗುರುತಿಸಿ, ಮೂತ್ರಪಿಂಡದ ಮೇಲೆ ಒರಗಿರುವ ಗ್ರಂಥಿಗಳು ಎಂಬರ್ಥದ ಹೆಸರಿಟ್ಟು ಫಲಕದಲ್ಲಿ ಬರೆಸಿದ. ಇವು ಸುಲಭವಾಗಿ ಕಣ್ಣಿಗೆ ಬೀಳುವಂಥವಲ್ಲ. ಒಂದೊಂದರ ತೂಕ ನಾಲ್ಕೈದು ಗ್ರಾಂ. ಬಣ್ಣ ಸುತ್ತಲಿನ ಕೊಬ್ಬಿನಂತೆಯೇ ಹಳದಿ. ಬಲಗಡೆಯದು ಪಿರಮಿಡ್ಡಿನಂತೆ, ಎಡಗಡೆಯದು ಅರ್ಧಚಂದ್ರದಂತೆ. ಅವಸರದ ಕತ್ತರಿ ಕೊಬ್ಬಿನ ಜೊತೆ ಇವನ್ನೂ ತೆಗೆದು ಎಸೆದುಬಿಡುತ್ತದೆ.

ಈ ಗ್ರಂಥಿಗಳು ಏತಕ್ಕಾಗಿ ಇವೆ? ಯುಸ್ಟಾಕಿ ಆ ತಂಟೆಗೆ ಹೋಗಲಿಲ್ಲ. ಇವೆ ಎಂದು ತೋರಿಸಿ ಬಿಟ್ಟ. ಅವನ ನಂತರದವರಿಗೆ ಆ ಸಂಯಮ ಇರಲಿಲ್ಲ. ಸತ್ತ ದೇಹದಲ್ಲಿ ಈ ಗ್ರಂಥಿಯ ತಿರುಳು ಬೇಗ ಕರಗಿ ಕಪ್ಪು ರಸವಾಗುತ್ತದೆ. ಅದನ್ನು ಕಂಡು 1611ರಲ್ಲಿ ಕ್ಯಾಸ್ಪರ್ ಬಾರ್ಥೊಲಿನ್ ಇದು ಗ್ರಂಥಿಯೇ ಅಲ್ಲ, ಕಪ್ಪು ಪಿತ್ತ ತುಂಬಿದ ಟೊಳ್ಳು ಚೀಲ ಎಂದುಕೊಂಡ. ಆ ಚೀಲದ ಕಲ್ಪನೆ ಎರಡು ಶತಮಾನಗಳಿಗೂ ಮೀರಿ ಹೆಸರಿನಲ್ಲಿ ಉಳಿಯಿತು.

ಯುಸ್ಟಾಕಿಯ ಕೊನೆಯ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಸಂಧಿವಾತ ಅವನ ಕೈಕಾಲು ಕಟ್ಟಿಹಾಕಿತು, ಬೋಧನೆ ಬಿಡಬೇಕಾಯಿತು. ಆದರೂ ಕಾರ್ಡಿನಲ್‌ನ ವೈದ್ಯವೃತ್ತಿ ಬಿಡಲಿಲ್ಲ. 1574ರ ಆಗಸ್ಟಿನಲ್ಲಿ ಫೊಸೊಂಬ್ರೋನೆಯಲ್ಲಿದ್ದ ಕಾರ್ಡಿನಲ್ ಕಾಯಿಲೆ ಬಿದ್ದಿದ್ದಾನೆಂದು ಹೊರಟವನು ದಾರಿಯಲ್ಲೇ ತೀರಿಕೊಂಡ. ಬರೆಯಬೇಕೆಂದಿದ್ದ ಮಹಾಗ್ರಂಥ ಅಚ್ಚಾಗಲೇ ಇಲ್ಲ, ಅದರ ಹಸ್ತಪ್ರತಿ ಕಣ್ಮರೆಯಾಯಿತು. ಉಳಿದ 39 ತಾಮ್ರಫಲಕಗಳು ಪೀನಿಯ ಮನೆಗೆ ಸೇರಿ ಅಲ್ಲೇ ಉಳಿದವು.

ಅವು ಮತ್ತೆ ಸಿಕ್ಕಿದ್ದು 18ನೆಯ ಶತಮಾನದ ಆರಂಭದಲ್ಲಿ, ಉರ್ಬಿನೊದಲ್ಲಿದ್ದ ಪೀನಿ ವಂಶದವರ ಬಳಿ. ಪೋಪ್ 11ನೆಯ ಕ್ಲೆಮೆಂಟ್ 600 ಸ್ಕೂದಿ ಕೊಟ್ಟು ಕೊಂಡು ತನ್ನ ವೈದ್ಯ ಲಾನ್ಚೀಸಿಗೆ ಒಪ್ಪಿಸಿದ. ಲಾನ್ಚೀಸಿ 1714ರಲ್ಲಿ ಎಲ್ಲ ಫಲಕಗಳನ್ನೂ ಸೇರಿಸಿ ಪ್ರಕಟಿಸಿದ. ಕೊರೆದು 162 ವರ್ಷಗಳಾಗಿದ್ದವು. ಆ ನಡುವೆ ಹಾರ್ವೆ ರಕ್ತಪರಿಚಲನೆಯನ್ನು ಸ್ಥಾಪಿಸಿಯಾಗಿತ್ತು, ಸೂಕ್ಷ್ಮದರ್ಶಕ ಬಂದಿತ್ತು. ಅಷ್ಟು ತಡವಾಗಿ ಬಂದರೂ ಆ ಚಿತ್ರಗಳಲ್ಲಿ ಕಲಿಯುವುದು ಇನ್ನೂ ಇತ್ತು. ಅನುವೇದನಾ ನರಮಂಡಲದ ಫಲಕವನ್ನು ಇಂದಿಗೂ ಮೆಚ್ಚುತ್ತಾರೆ. ಇವು 1552ರಲ್ಲೇ ಹೊರಬಂದಿದ್ದರೆ ಅಂಗರಚನಾಶಾಸ್ತ್ರದ ಪಿತಾಮಹ ಎಂಬ ಮಾತು ವೆಸೇಲಿಯಸ್ ಒಬ್ಬನಿಗೇ ಸಲ್ಲುತ್ತಿರಲಿಲ್ಲ ಎಂದು ಹಲವು ಇತಿಹಾಸಕಾರರು ಭಾವಿಸುತ್ತಾರೆ. ನನಗೂ ಹಾಗೆಯೇ ಅನಿಸುತ್ತದೆ.

ಚಿತ್ರವೇನೋ ಸಿಕ್ಕಿತು, ವಿವರಣೆ ಸಿಗಲಿಲ್ಲ. ಅಂಚಿನ ಅಂಕಿಗಳಿವೆ, ಯಾವ ಅಂಕಿಯ ಜಾಗದಲ್ಲಿ ಏನಿದೆ ಎಂದು ಹೇಳುವ ಬರಹವಿಲ್ಲ. ಹೀಗಾಗಿ ಮುಂದಿನವರು ತಾವೇ ದೇಹವನ್ನು ಛೇದಿಸಿ, ಚಿತ್ರದೊಡನೆ ಹೋಲಿಸಿ, ವಿವರಣೆ ಬರೆಯಬೇಕಾಯಿತು. ಲೈಡನ್ ನಗರದ ಆಲ್ಬಿನಸ್ 1744ರಲ್ಲಿ ಅಂಥ ದೊಡ್ಡ ವಿವರಣಾ ಗ್ರಂಥವನ್ನು ಹೊರತಂದ. ಅಕ್ಷರಗಳಿಂದ ತುಂಬಿದ ಚಿತ್ರವಾಗಿದ್ದರೆ ವಿವರಣೆ ಕಳೆದ ಮೇಲೆ ಅಕ್ಷರಗಳು ಬರಿಯ ಕೊಳೆಯಾಗಿ ಉಳಿಯುತ್ತಿದ್ದವು. ಅಂಚಿನ ಅಂಕಿ ಹಾಗಲ್ಲ. ಯಾರು ಬೇಕಾದರೂ ಅದೇ ಚೌಕಟ್ಟು ಹಿಡಿದು ಹೊಸ ಪಟ್ಟಿ ಬರೆಯಬಹುದು.

ಫಲಕಗಳು ಅಚ್ಚಾದ ಎರಡೇ ವರ್ಷಕ್ಕೆ, 1716ರಲ್ಲಿ, ಫ್ರಾನ್ಸಿನ ಬೋರ್ಡೋ ಅಕಾಡೆಮಿ ಈ ಗ್ರಂಥಿಗಳ ಉಪಯೋಗವೇನು ಎಂಬ ಪ್ರಶ್ನೆಗೆ ಪ್ರಬಂಧ ಸ್ಪರ್ಧೆ ಏರ್ಪಡಿಸಿತು. ತೀರ್ಪು ಹೇಳಿದವನು ಮಾಂಟೆಸ್ಕ್ಯೂ, ನಮ್ಮ ಪೌರನೀತಿ ಪಾಠದಲ್ಲಿ ಅಧಿಕಾರ ವಿಭಜನೆಯ ಜೊತೆ ಬರುವ ಅದೇ ಮಾಂಟೆಸ್ಕ್ಯೂ. ಬಂದ ಯಾವ ಪ್ರಬಂಧವೂ ಬಹುಮಾನಕ್ಕೆ ಯೋಗ್ಯವಲ್ಲವೆಂದು 1718ರಲ್ಲಿ ಅವನು ಬಹುಮಾನವನ್ನು ತಡೆಹಿಡಿದ. ಉತ್ತರದ ಮೊದಲ ಎಳೆ ಸಿಕ್ಕಿದ್ದು 1855ರಲ್ಲಿ, ಈ ಗ್ರಂಥಿ ಕೆಟ್ಟರೆ ರೋಗಿ ಬಳಲಿ ಸಾಯುತ್ತಾನೆಂದು ಲಂಡನ್ನಿನ ಥಾಮಸ್ ಅಡಿಸನ್ ತೋರಿಸಿದಾಗ. 1901ರಲ್ಲಿ ಜಪಾನಿನ ತಾಕಾಮಿನೆ ಅಡ್ರಿನಲಿನ್ ಹರಳುಗಳನ್ನು ಬೇರ್ಪಡಿಸಿದ. 1955ರಲ್ಲಿ ಅಮೆರಿಕದ ಜೆರೋಮ್ ಕಾನ್ ಇನ್ನೊಂದು ಸಂಗತಿ ಕಂಡುಕೊಂಡ: ಈ ಗ್ರಂಥಿಯ ಹೊರಪದರದಲ್ಲಿನ ಸಣ್ಣ ಗಂಟೊಂದು ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸಿದರೆ ರಕ್ತದೊತ್ತಡ ಏರುತ್ತದೆ, ಆ ಗ್ರಂಥಿಯನ್ನು ತೆಗೆದರೆ ಇಳಿಯುತ್ತದೆ.

ಇಲ್ಲಿಂದ ಯುಸ್ಟಾಕಿಯ ಕೆಲಸ ಮತ್ತೆ ಮೊದಲಾಗುತ್ತದೆ. ರೋಗಿಗೆ ಎರಡು ಗ್ರಂಥಿಗಳಿವೆ. ಯಾವುದು ತಪ್ಪಿತಸ್ಥ? ಒಂದೇ ಆದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬಹುದು. ಎರಡೂ ಆದರೆ ತೆಗೆಯುವಂತಿಲ್ಲ, ಮಾತ್ರೆಯೇ ಗತಿ. ಸಿ.ಟಿ. ಚಿತ್ರದಲ್ಲಿ ಎಡಗಡೆ ಗಂಟು ಕಂಡಿತೆಂದು ಎಡಗಡೆಯದನ್ನು ತೆಗೆದರೆ ಅದು ಏನೂ ಮಾಡದ ಸಾಧು ಗಂಟಾಗಿರಬಹುದು. ಹಾರ್ಮೋನು ಸುರಿಸುತ್ತಿರುವುದು ಚಿತ್ರದಲ್ಲಿ ಚೊಕ್ಕವಾಗಿ ಕಾಣುವ ಬಲಗಡೆಯದಾಗಿರಬಹುದು. ಚಿತ್ರ ಜಾಗವನ್ನು ಹೇಳುತ್ತದೆ, ಕೆಲಸವನ್ನು ಹೇಳುವುದಿಲ್ಲ. ಆದ್ದರಿಂದ ತೊಡೆಸಂದಿಯ ಅಭಿಧಮನಿಯಿಂದ ತೆಳುವಾದ ಕೊಳವೆಯೊಂದನ್ನು ತೂರಿಸಿ, ಎರಡೂ ಗ್ರಂಥಿಗಳ ಅಭಿಧಮನಿಗಳಿಂದ ಬೇರೆಬೇರೆಯಾಗಿ ರಕ್ತ ತೆಗೆದು ಹೋಲಿಸುತ್ತಾರೆ. ಕೊಳವೆ ಸರಿಯಾದ ಜಾಗ ಸೇರಿತ್ತೇ ಎಂದು ತಿಳಿಯಲು ಅದೇ ರಕ್ತದಲ್ಲಿ ಕಾರ್ಟಿಸಾಲ್ ಪ್ರಮಾಣವನ್ನೂ ಅಳೆಯುತ್ತಾರೆ. ಗ್ರಂಥಿಯ ಅಭಿಧಮನಿಯಲ್ಲಿ ಅದು ಉಳಿದ ಕಡೆಗಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು.

ಕಷ್ಟವಿರುವುದು ಬಲಗಡೆ. ಎಡ ಗ್ರಂಥಿಯ ಅಭಿಧಮನಿ ಸಾಕಷ್ಟು ಉದ್ದವಾಗಿದ್ದು, ವಪೆಯಿಂದ ಬರುವ ಅಭಿಧಮನಿಯೊಂದನ್ನು ಕೂಡಿಕೊಂಡು, ಮೂತ್ರಪಿಂಡದ ಎಡ ಅಭಿಧಮನಿಗೆ ಬಂದು ಸೇರುತ್ತದೆ. ಹಳ್ಳ ಹೊಳೆಗೆ, ಹೊಳೆ ನದಿಗೆ ಎನ್ನುವ ಕ್ರಮ. ಹೊಳೆ ಹಿಡಿದು ಹೋದರೆ ಹಳ್ಳ ಸಿಗುತ್ತದೆ. ಬಲ ಗ್ರಂಥಿಯದು ಹಾಗಲ್ಲ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಗಿಡ್ಡ. ಅಧೋಮಹಾಭಿಧಮನಿಯ ಹಿಂಬದಿಯ ಗೋಡೆಗೆ ನೇರವಾಗಿ ತೆರೆದುಕೊಳ್ಳುತ್ತದೆ. ದೊಡ್ಡ ನದಿಯ ದಂಡೆಯಲ್ಲಿ ಪೊದೆಯ ಹಿಂದಿರುವ ತೂಬನ್ನು ದೋಣಿಯಿಂದ ತಡಕಿದ ಹಾಗೆ. ಯಕೃತ್ತಿನ ಸಣ್ಣ ಅಭಿಧಮನಿಗಳೂ ಅದೇ ಆಸುಪಾಸಿನಲ್ಲಿ ತೆರೆದುಕೊಳ್ಳುವುದರಿಂದ ಕೊಳವೆ ಅದರೊಳಗೆ ಹೋಗಿ ಮೋಸವಾಗುವುದುಂಟು. ಕೆಲವರಲ್ಲಿ ಅಂಥ ಯಕೃತ್ತಿನ ಅಭಿಧಮನಿಯೂ ಗ್ರಂಥಿಯದೂ ಸೇರಿ ಒಂದೇ ಬಾಯಾಗಿರುತ್ತವೆ. ಬಲಗಡೆಯ ರಕ್ತ ಸಿಗದೆ ಪರೀಕ್ಷೆ ವ್ಯರ್ಥವಾದರೆ ರೋಗಿಯ ಪಾಲಿಗೆ ತೀರ್ಮಾನವೇ ನಿಂತುಹೋಗುತ್ತದೆ.

ಅದಕ್ಕಾಗಿ ಮೊದಲೇ ಸಿ.ಟಿ. ನಕ್ಷೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ನ ಯಂತ್ರ 1971ರಲ್ಲಿ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿದಾಗ ಒಂದು ಪದರದ ಚಿತ್ರ 80 ಅಡ್ಡ, 80 ಉದ್ದ ಚೌಕಗಳದಾಗಿತ್ತು. ಇಂದು ಸಾಮಾನ್ಯವಾಗಿ 512 ಅಡ್ಡ, 512 ಉದ್ದ. ಪ್ರತಿ ಚೌಕಕ್ಕೂ ಒಂದು ಅಂಕಿ. ನೀರಿಗೆ ಸೊನ್ನೆ, ಗಾಳಿಗೆ ಋಣ 1000. ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವವನ್ನು ರಕ್ತಕ್ಕೆ ಚುಚ್ಚಿ, ಅದು ಅಭಿಧಮನಿಗಳಿಗೆ ಬರುವ ಸಮಯ ಸಾಧಿಸಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ಪದರಗಳಲ್ಲಿ ಚಿತ್ರ ತೆಗೆಯುತ್ತಾರೆ. ಕಣ್ಣಿಗೆ ಎಳೆಯಂತೆ ಕಾಣುವ ಬಲ ಅಭಿಧಮನಿಯನ್ನು ಪದರದಿಂದ ಪದರಕ್ಕೆ ಹಿಂಬಾಲಿಸಿ ಅದರ ಬಾಯಿ ಎಲ್ಲಿದೆ ಎಂದು ಬರೆದಿಡುತ್ತಾರೆ: ಯಾವ ಕಶೇರುವಿನ ಮಟ್ಟದಲ್ಲಿ, ಮೂತ್ರಪಿಂಡದ ಅಭಿಧಮನಿಯಿಂದ ಎಷ್ಟು ಮೇಲೆ, ಮಹಾಭಿಧಮನಿಯ ಸುತ್ತಳತೆಯನ್ನು ಗಡಿಯಾರ ಎಂದುಕೊಂಡರೆ ಎಷ್ಟು ಗಂಟೆಯ ಕಡೆ, ಮೇಲ್ಮುಖವೋ ಕೆಳಮುಖವೋ. ಅಂಚಿನ ಅಂಕಿಗಳೇ. ಯುಸ್ಟಾಕಿಗೆ ಎರಡು ಅಂಚು ಸಾಕಾಗಿತ್ತು, ಇವರಿಗೆ ಮೂರು ಬೇಕು. ಅವನು ಬರೆಸಿದ್ದು ಎಲ್ಲರಿಗೂ ಸಲ್ಲುವ ಒಂದು ದೇಹದ ನಕ್ಷೆ. ಇದು ಮೇಜಿನ ಮೇಲೆ ಮಲಗಿರುವ ಒಬ್ಬ ರೋಗಿಯದು ಮಾತ್ರ, ಪಕ್ಕದ ಹಾಸಿಗೆಯವನಿಗೆ ಸಲ್ಲದು.

ಪಾಠಯೋಜನೆ ಬರೆಯುವವರಿಗೆ ಒಂದೆರಡು ಮಾತು. ಅಡ್ರಿನಲ್ ಗ್ರಂಥಿ ಬಂದ ಕೂಡಲೇ ನಾಯಿ ಅಟ್ಟಿಸಿಕೊಂಡು ಬಂದ ಉದಾಹರಣೆ ಹೇಳಿ ಅಡ್ರಿನಲಿನ್‌ಗೆ ಹಾರುವುದು ನಮ್ಮಲ್ಲಿ ರೂಢಿ. ಹಾರಲಿ, ಆದರೆ ಅದಕ್ಕೆ ಮೊದಲು ಗ್ರಂಥಿ ಎಲ್ಲಿದೆ, ಅದರ ರಕ್ತ ಯಾವ ದಾರಿಯಲ್ಲಿ ಹೊರಬರುತ್ತದೆ ಎಂದು ಮಕ್ಕಳು ಬೆರಳಿಟ್ಟು ತೋರಿಸಲಿ. ನಾಳವಿಲ್ಲದ ಗ್ರಂಥಿ ಎಂದು ಬಾಯಿಪಾಠ ಮಾಡಿದ ಮಗುವಿಗೆ ಹಾರ್ಮೋನು ಹೊರಡುವ ಬಾಗಿಲು ಅಭಿಧಮನಿಯೇ ಎಂಬುದು ಆಗ ತಾನಾಗಿ ಹೊಳೆಯುತ್ತದೆ. ಒಂದು ಎಚ್ಚರಿಕೆ: ಸಿ.ಟಿ. ಚಿತ್ರವನ್ನು ರೋಗಿಯ ಪಾದದ ಕಡೆಯಿಂದ ನೋಡಿದಂತೆ ಇಟ್ಟಿರುತ್ತಾರೆ, ರೋಗಿಯ ಬಲ ನಮ್ಮ ಎಡಕ್ಕೆ ಬರುತ್ತದೆ. ಎದುರುಬದುರು ನಿಂತ ಇಬ್ಬರು ಮಕ್ಕಳು ಬಲಗೈ ಎತ್ತಿದರೆ ವಿಷಯ ತಿಳಿಯುತ್ತದೆ.

ಚಟುವಟಿಕೆಗೆ ಗ್ರಾಫ್ ಹಾಳೆಯೇ ಸಾಕು. ಮೂತ್ರಪಿಂಡ, ಗ್ರಂಥಿ, ಅಭಿಧಮನಿಗಳ ರೇಖಾಚಿತ್ರವನ್ನು ಹೆಸರಿಲ್ಲದೆ ಅದರ ಮೇಲೆ ಬರೆದುಕೊಡಿ. ಒಂದು ಗುಂಪು ಅಂಕಿಜೋಡಿಗಳನ್ನು ಹೇಳಲಿ, ಇನ್ನೊಂದು ಗುಂಪು ಅಲ್ಲಿರುವ ಭಾಗವನ್ನು ಹೆಸರಿಸಲಿ. ಮೂರನೆಯ ಗುಂಪಿಗೆ ಹೆಸರಿನ ಪಟ್ಟಿ ಕೊಡದೆ ಚಿತ್ರ ಮಾತ್ರ ಕೊಟ್ಟು, ಪಟ್ಟಿಯನ್ನು ಅವರೇ ತಯಾರಿಸುವಂತೆ ಹೇಳಿ. ಆಲ್ಬಿನಸ್ ಮಾಡಿದ್ದು ಅದನ್ನೇ. ಅಂಚಿನಲ್ಲಿ ಅಂಕಿ ಹಾಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ಹತ್ತು ನಿಮಿಷ ಹಿಡಿಯುತ್ತದೆ. ಪಾಠಯೋಜನೆಯ ಸಮಯದ ಅಂಕಣದಲ್ಲಿ ಅದಕ್ಕೆ ಮೊದಲೇ ಜಾಗ ಇಟ್ಟುಕೊಳ್ಳಿ.